ಪರಸಿ ಹೊತ್ತ ಗಾಡಿಯಲ್ಲಿ ಹಾಸಿಗೆ

ವಾಡಿಯ ಸಿಮೆಂಟ್ ಫ್ಯಾಕ್ಟರಿ ಹತ್ತಿರ ಸರದಿಗೆ ನಿಂತ ಲಾರಿಗಳನ್ನು ನೋಡಿದವರಿಗೆ ‘ವ್ಯಾನ್ ಲೈಫ್’ ಹೊಸ ಸಂಗತಿಯೇನಲ್ಲ. ಕ್ಯಾಬಿನ್‌ನಲ್ಲೇ ಹಾಸಿಗೆ, ಬದಿಯಲ್ಲಿ ಸ್ಟೌ, ಕನ್ನಡಿಗೆ ನೇತುಹಾಕಿದ ಟವೆಲ್ಲು. ಡ್ರೈವರ್‌ಗಳು ಇದನ್ನು ಹೊಟ್ಟೆಪಾಡಿಗೆ ಮಾಡ್ತಾರೆ, ನಾವು ರಜೆ ಹಾಕಿ ಮಾಡ್ತೀವಿ, ಅಷ್ಟೇ ವ್ಯತ್ಯಾಸ.

ಶಹಾಬಾದಿನ ನಮ್ಮ ಮಾಮಾನ ಟಾಟಾ ಏಸ್ ವರ್ಷಗಟ್ಟಲೆ ಪರಸಿ ಕಲ್ಲು ಹೊತ್ತ ಗಾಡಿ. ಮನೆ ಕಟ್ಟುವವರು ಟೈಲ್ಸ್ ಕಡೆ ಹೋದ ಮೇಲೆ ಬಾಡಿಗೆ ಕಮ್ಮಿಯಾಯ್ತು. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು, ಇನ್ಶೂರೆನ್ಸ್ ಬೇರೆ. ಗುಜರಿಗೆ ಹಾಕೋದೇ ಸರಿ ಅಂತ ಮಾಮಾ ನಿರ್ಧರಿಸಿದ್ದರು. ಒಂದು ಚಳಿಗಾಲ ನನಗೆ ಕೊಡಿ ಅಂದೆ. “ಅಳ್ಯಾ, ಮನ್ಯಾಗ ಪಲ್ಲಂಗ ಇದ್ದೂ ಗಾಡ್ಯಾಗ ಯಾಕ ಮಲ್ಕೋತಿ?” ಅಂತ ಕೇಳಿದರೂ ಕೀಲಿ ಕೊಟ್ಟರು.

ಮೊದಲು ಕಾನೂನಿನ ಮಾತು. ಯೂಟ್ಯೂಬ್‌ನಲ್ಲಿ ಇದನ್ನು ಯಾರೂ ಹೇಳೋದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಗಾಡಿಯ ಮೂಲ ವಿವರಗಳು ಬದಲಾಗುವಂತೆ ಮಾರ್ಪಾಡು ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಬಾಡಿ ಕೊರೆದು, ಮನೆಯಂಥ ಡಬ್ಬಿ ವೆಲ್ಡ್ ಮಾಡಿಸಿದರೆ ಎಫ್‌ಸಿ ವೇಳೆ ಸಿಕ್ಕಿಬೀಳ್ತೀರಿ. ಅದಕ್ಕೇ ನಾವು ಗಾಡಿಯನ್ನು ಮುಟ್ಟಲಿಲ್ಲ. ಎತ್ತಿ ಇಳಿಸಬಹುದಾದ ಚೌಕಟ್ಟು ಮಾಡಿಸಿ, ಸಾಮಾನಿನ ಹಾಗೆ ಒಳಗಿಟ್ಟು ಹಗ್ಗದಿಂದ ಬಿಗಿದೆವು. ಓಡುವಾಗ ಹಿಂದೆ ಯಾರೂ ಕೂರುವಂತಿಲ್ಲ, ಮುಂದೆ ಇಬ್ಬರೇ.

ಏಸ್‌ನ ಹಿಂಭಾಗ ಸುಮಾರು 7 ಅಡಿ ಉದ್ದ, ಅಗಲ 5 ಅಡಿಗೆ ತುಸು ಕಮ್ಮಿ. ಇಬ್ಬರು ಮಲಗಲು ಸಾಕು. ಒಂದು ಇಂಚಿನ ಚೌಕ ಪೈಪಿನ ಚೌಕಟ್ಟು, ಮಜೂರಿ ಸೇರಿ 6,500 ರೂಪಾಯಿ. ಎರಡು ತಾಡಪತ್ರಿ 1,800. ಪ್ಲೈವುಡ್ 2,400. ಹತ್ತಿ ಗಾದಿ 1,600. ಬೇರೆಯದೇ ಬ್ಯಾಟರಿ, ಎಲ್‌ಇಡಿ ಲೈಟು, ಸಣ್ಣ ಫ್ಯಾನು ಎಲ್ಲಾ ಸೇರಿ 5,200. ಒಟ್ಟು 17,500. ಪ್ಲೈವುಡ್ಡಿನ ಕೆಳಗೆ ಮನೆಯಲ್ಲಿದ್ದ ಎರಡು ಹಳೇ ಟ್ರಂಕು; ಪಾತ್ರೆ, ಬಟ್ಟೆ ಅದರಲ್ಲೇ. ಹೊದಿಯಲು ಅಜ್ಜಿ ಹೊಲಿದ ಕೌದಿ. ಸ್ಲೀಪಿಂಗ್ ಬ್ಯಾಗ್ ಅದರ ಮುಂದೆ ಏನೂ ಅಲ್ಲ.

ತಾಡಪತ್ರಿ ಎರಡು ಯಾಕೆ ಅಂದರೆ, ನಮ್ಮ ಬಿಸಿಲಿಗೆ. ಡಿಸೆಂಬರಿನಲ್ಲೂ ಮಧ್ಯಾಹ್ನ ಒಂದೇ ಹೊದಿಕೆಯ ಕೆಳಗೆ ಕೂರಲಾಗದು. ಎರಡರ ನಡುವೆ ನಾಲ್ಕು ಇಂಚು ಜಾಗ ಬಿಟ್ಟರೆ ಗಾಳಿ ಹಾಯ್ದು ಒಳಗಿನ ಪದರ ಕಾಯುವುದಿಲ್ಲ. ರಾತ್ರಿ ಹಿಂದೆ ಮುಂದೆ ಎರಡೂ ಕಡೆ ತೆರೆದು ಸೊಳ್ಳೆ ಪರದೆ ಕಟ್ಟಿ. ಪೂರ್ತಿ ಮುಚ್ಚಿದರೆ ಉಸಿರಿನ ಪಸೆ ಬೆಳಗಾಗುವುದರೊಳಗೆ ಮೈಮೇಲೆ ತೊಟ್ಟಿಕ್ಕುತ್ತದೆ. ಅಡುಗೆ ಮಾತ್ರ ಯಾವತ್ತೂ ಗಾಡಿಯ ಹೊರಗೆ.

ಎಲ್ಲಿ ನಿಲ್ಲಿಸಬೇಕು ಅನ್ನೋದು ದೊಡ್ಡ ಪ್ರಶ್ನೆ. ಎರೆ ಮಣ್ಣಿನ ಹೊಲಕ್ಕೆ ಇಳಿಸಬೇಡಿ, ನಾಲ್ಕು ಹನಿ ಬಿದ್ದರೂ ಚಕ್ರ ಹೂತುಹೋಗುತ್ತದೆ. ಶಹಾಬಾದ್, ವಾಡಿ ಕಡೆ ಕಲ್ಲು ಹಾಸಿನ ಗಟ್ಟಿ ನೆಲ ಬೇಕಾದಷ್ಟಿದೆ. ಆದರೆ ಹಳೇ ಖಣಿಗಳಲ್ಲಿ ನೀರು ನಿಂತಿರುತ್ತದೆ, ಅಂಚಿಗೆ ಬೇಲಿ ಇರೋದಿಲ್ಲ. ಕತ್ತಲಾಗುವ ಮುಂಚೆ ಜಾಗ ನೋಡಿಕೊಳ್ಳಿ.

ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಒಂದು ದಿನ ಪೂರ್ತಿ ಬೇಕು. ಭೀಮಾ ತೀರದಲ್ಲಿ ಚಂದ್ರಲಾಂಬೆಯ ಗುಡಿ, ಹತ್ತಿರದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪ. ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಹೆಸರು ಕೊರೆದ ಅವನದೇ ಶಿಲ್ಪ ಸಿಕ್ಕಿದ್ದು ಅಲ್ಲೇ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ, ‘ಕವಿರಾಜಮಾರ್ಗ’ದ ಕಾಲದ ರಾಜಧಾನಿ. ಕಾಗಿಣಾ ದಂಡೆಯ ಕೋಟೆಗೋಡೆ ಮುಟ್ಟಿ ನೋಡಿದ ಮಾಮಾ, “ಇದು ನಮ್ದೇ ಕಲ್ಲಲ್ಲೋ!” ಅಂದರು. ಇತಿಹಾಸ ನಾನು ವಿವರಿಸುತ್ತಿದ್ದೆ, ಅವರು ಕಲ್ಲಿನ ದಪ್ಪ ಅಳೆಯುತ್ತಿದ್ದರು.

ಚಿಂಚೋಳಿ ದಾರಿಯಲ್ಲಿ ತೊಗರಿ ಕಟಾವು ನಡೆದಿತ್ತು. ಇಲ್ಲಿಯ ಕಾಡು 2011ರಿಂದ ವನ್ಯಜೀವಿ ಧಾಮ; ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಗಾಡಿ ನಿಲ್ಲಿಸಿ ಮಲಗುವ ಹಾಗಿಲ್ಲ. ಚಂದ್ರಂಪಳ್ಳಿ ಡ್ಯಾಮ್ ಹಗಲಲ್ಲೇ ನೋಡಿಕೊಂಡು ಹೊರಬಂದೆವು. ರಾತ್ರಿಗೆ ತಾಂಡಾ ಹತ್ತಿರದ ಹೊಲವೊಂದರ ಯಜಮಾನರನ್ನು ಕೇಳಿದೆವು. ಖಳದ ಬದಿ ಜಾಗ ತೋರಿಸಿದರು, ದುಡ್ಡು ಬೇಡ ಅಂದರು, ಬಿಸಿ ರೊಟ್ಟಿ, ಶೇಂಗಾ ಹಿಂಡಿ ಕಳಿಸಿದರು. ಚಳಿ ಚೆನ್ನಾಗೇ ಕಚ್ಚಿತು. ಬೆಳಿಗ್ಗೆ ಅವರು ಗಾಡಿ ಸುತ್ತ ಒಂದು ಸುತ್ತು ಬಂದು, ಚೌಕಟ್ಟು ಬಿಚ್ಚಿದರೆ ಎಷ್ಟು ಚೀಲ ಹಿಡಿಯುತ್ತೆ ಅಂತ ಮಾಮಾನನ್ನು ಕೇಳಿದರು. ಹನ್ನೆರಡು ಚೀಲ ತೊಗರಿಯ ಬಾಡಿಗೆ ಅಲ್ಲೇ ಕುದುರಿತು. ಚೌಕಟ್ಟು ಅವರ ಖಳದಲ್ಲೇ ಇಳಿಸಿ, ಗಾದಿ ಮಡಚಿ, ಇಬ್ಬರೂ ಚೀಲ ಏರಿಸಲು ನಿಂತೆವು.