ಒಂದು ಜಿ.ಬಿ.ಯ ಸಂಸಾರ

ನಿಲಂಗಾದ ಹಿರಿಯ ಮಾಸ್ತರರೊಬ್ಬರು ನಿವೃತ್ತರಾದ ಮೇಲೆ ತಮ್ಮ ಸೀಮೆಯ ಕನ್ನಡ ಶಬ್ದಗಳನ್ನು ಕೂಡಿಡತೊಡಗಿದರು. ಮನೆಯಲ್ಲಿ ಕನ್ನಡವೂ ಪೇಟೆಯಲ್ಲಿ ಮರಾಠಿಯೂ ನಡೆಯುವ ನಮ್ಮ ಗಡಿಯಲ್ಲಿ ಕೂರಿಗೆ, ಹಂತಿ, ಹಗೇವು ಮೊದಲಾದ ಮಾತುಗಳು ಹಳೆಯ ಒಕ್ಕಲುತನದೊಡನೆಯೇ ಮರೆಯಾಗುತ್ತಿರುವುದನ್ನು ವಾಚಕರು ಬಲ್ಲರು. ಆ ಸಂಗ್ರಹದ ಒಂದೇ ಪ್ರತಿ ಅವರ ಹಳೆಯ ಲ್ಯಾಪ್‌ಟಾಪಿನಲ್ಲಿತ್ತು, ಲ್ಯಾಪ್‌ಟಾಪಾದರೋ ಏಳಲೊಲ್ಲದು. ಉದಗೀರದ ರಿಪೇರಿ ಅಂಗಡಿಯೊಂದರಲ್ಲಿ ‘ಗುಜರಿಗೆ ಹಾಕಿರಿ’ ಎಂದರಂತೆ. ಕೊನೆಗೆ ಅದು ಉಮರಗಾದಲ್ಲಿರುವ ನನ್ನ ಬಳಿಗೆ ಬಂದಿತು.

ಡಿಸ್ಕು ಗಟ್ಟಿಯಾಗಿತ್ತು, ಕೆಟ್ಟದ್ದು ಯಂತ್ರವನ್ನು ನಡೆಯಿಸುವ ವ್ಯವಸ್ಥೆ ಮಾತ್ರ. ಆದರೆ ರ‍್ಯಾಮು ಒಂದೇ ಜಿ.ಬಿ. ಇಂದಿನ ವಿಂಡೋಸ್ 11 ಕನಿಷ್ಠ ನಾಲ್ಕು ಜಿ.ಬಿ. ಬೇಡುತ್ತದೆ. ರ‍್ಯಾಮೆಂಬುದು ರಾಶಿ ಮಾಡುವ ಕಣವಿದ್ದಂತೆ, ಡಿಸ್ಕು ಹಗೇವಿದ್ದಂತೆ. ಕಣ ಚಿಕ್ಕದಾದರೆ ಕಾಳನ್ನು ಹಗೇವಿಗಿಳಿಸುವುದರಲ್ಲಿ, ಮತ್ತೆ ಮೇಲೆತ್ತುವುದರಲ್ಲಿಯೇ ಹೊತ್ತು ಮುಳುಗುತ್ತದೆ.

ಫಿನ್‌ಲಂಡಿನ ವಿದ್ಯಾರ್ಥಿ ಲೀನುಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದು ಹಂಚಿದ ಲಿನಕ್ಸ್ ಈಗ ಹಲವು ರೂಪಗಳಲ್ಲಿ ದೊರೆಯುತ್ತದೆ. ಅವುಗಳಲ್ಲೊಂದು ಪಪ್ಪಿ ಲಿನಕ್ಸ್. ಆಸ್ಟ್ರೇಲಿಯದ ಬ್ಯಾರಿ ಕೌಲರ್ 2003ರಲ್ಲಿ ಆರಂಭಿಸಿದ್ದು. ಪೆನ್‌ಡ್ರೈವಿನಿಂದ ಎದ್ದು ರ‍್ಯಾಮಿನಲ್ಲಿಯೇ ನೆಲೆಸಿ, ಡಿಸ್ಕನ್ನು ಮುಟ್ಟದೆ ನಡೆಯಬಲ್ಲುದು. ಅದರಿಂದ ಯಂತ್ರ ಎದ್ದಿತು. ಮಾಸ್ತರರ ಕಡತವೂ ಸಿಕ್ಕಿತು. ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಒತ್ತು, ಗುಣಿತಗಳ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂಡಿಸುತ್ತಿದ್ದರಷ್ಟೆ. ಪರಿವರ್ತಕವೊಂದರಿಂದ ಅದನ್ನು ಯೂನಿಕೋಡಿಗೆ ತಂದೆ. ಅರ್ಕಾವತ್ತು ಬಂದಲ್ಲೆಲ್ಲ ಕೈಯಿಂದಲೇ ತಿದ್ದಬೇಕಾಯಿತು. ಆ ಕೆಲಸಕ್ಕೆ ಎರಡು ವಾರ ಹಿಡಿಯಿತು.

ಮೂರು ಕಡೆ ಪ್ರತಿ ಇಟ್ಟ ಮೇಲೆಯೇ ಡಿಸ್ಕಿನಲ್ಲಿ ಡೆಬಿಯನ್ 12ನ್ನು ನೆಲೆಗೊಳಿಸಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಇಂತಹ 32 ಬಿಟ್ಟಿನ ಯಂತ್ರಗಳಿಗೆ ಸ್ಥಾಪನೆಯ ಅನುಕೂಲವಿಲ್ಲ. ಹಗುರವಾದ ಎಲ್‌ಎಕ್ಸ್‌ಡಿಇ ಪರದೆ, ರ‍್ಯಾಮಿನಲ್ಲಿರುವುದನ್ನು ಅದುಮಿ ಇಡುವ ಜೆಡ್‌ರ‍್ಯಾಮ್, ಇಷ್ಟೇ ಅದರ ಸಂಸಾರ. ಬ್ರೌಸರು ಮಾತ್ರ ಹೊಟ್ಟೆಬಾಕ. ಎರಡು ಪುಟಗಳಿಗಿಂತ ಹೆಚ್ಚು ತೆರೆದರೆ ಯಂತ್ರ ಮುಗ್ಗರಿಸುತ್ತದೆ. ಬರೆಯುವವನಿಗೆ ಅದರಿಂದ ಉಪಕಾರವೇ ಆಗಿದೆಯೆಂದು ನನ್ನ ಎಣಿಕೆ.

ಕೆ. ಪಿ. ರಾವ್ ಅವರು ರೂಪಿಸಿದ ಧ್ವನಿಯಾಧಾರಿತ ಕೀಲಿಮಣೆಯನ್ನನುಸರಿಸಿದ ಕಗಪ ವಿನ್ಯಾಸವೂ ಲಿನಕ್ಸಿನಲ್ಲಿದೆ. ನಮ್ಮ ಮಕ್ಕಳು ಒಂದೆರಡು ದಿನಗಳಲ್ಲಿ ಅದನ್ನು ಕಲಿತರು. ಈಗ ಭಾನುವಾರಗಳಲ್ಲಿ ಅಜ್ಜಿಯರನ್ನು ಕೇಳಿ ತಂದ ಶಬ್ದಗಳನ್ನು ಮಾಸ್ತರರ ಪಟ್ಟಿಗೆ ಸೇರಿಸುತ್ತಿದ್ದಾರೆ. ‘ಹ’ಕಾರ ಮುಗಿದಿಲ್ಲ.