ಗಾಡಿಯ ಕೆಳಗೆ ಮಲಗುತ್ತಿದ್ದವರು

ಮಲೆನಾಡಿನ ತೋಟದ ಮನೆಗಳಲ್ಲಿ ಆಯುಧಪೂಜೆಗೆ ವಾರವಿದೆ ಎನ್ನುವಾಗ ಜೀಪಿನ ಗೇರ್ ಆಯಿಲ್, ಕ್ರೌನ್ ಆಯಿಲ್ ಬದಲಾಯಿಸುವ ವಾಡಿಕೆಯಿತ್ತು. ಪೂಜೆಗೆ ನಿಲ್ಲಿಸುವ ಮೊದಲು ಗಾಡಿಯ ಹೊಟ್ಟೆ ನೋಡಬೇಕು ಎನ್ನುತ್ತಿದ್ದರು ಅಪ್ಪ. ಇವತ್ತು ಅದೇ ಅಂಗಳಗಳಲ್ಲಿ ಕೋಟಿ ಬೆಲೆಯ ಎಸ್‌ಯುವಿಗಳು ನಿಂತಿವೆ. ಚೆಂಡುಹೂವಿನ ಹಾರ, ಬೂದುಗುಂಬಳ, ಚಕ್ರದಡಿಗೆ ನಿಂಬೆಹಣ್ಣು, ಯಾವುದಕ್ಕೂ ಕೊರತೆಯಿಲ್ಲ. ಗಾಡಿಯ ಕೆಳಗೆ ಗೋಣಿಚೀಲ ಹಾಸಿ ಮಲಗುವವರು ಮಾತ್ರ ಇಲ್ಲವಾಗಿದ್ದಾರೆ.

ಮಳೆಗಾಲ ಮುಗಿದ ಮೇಲೆಯೇ ಈ ಕೆಲಸ ಮಾಡುತ್ತಿದ್ದುದಕ್ಕೆ ಕಾರಣವಿತ್ತು. ಆಕ್ಸಲ್‌ನ ನಡುವೆ ಉಬ್ಬಿಕೊಂಡಿರುವ ಹೌಸಿಂಗಿನೊಳಗೆ ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲುಚಕ್ರಗಳು ಒಂದನ್ನೊಂದು ಕಚ್ಚಿ ತಿರುಗುತ್ತವೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣನೆಯ ಹಳ್ಳಕ್ಕಿಳಿದಾಗ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡಲು ಬಿಟ್ಟ ಬ್ರೀದರ್‌ನಿಂದಲೋ ಸವೆದ ಆಯಿಲ್ ಸೀಲಿನಿಂದಲೋ ನೀರು ಒಳಗೆ ಸೇರುತ್ತದೆ. ನಾಲ್ಕು ತಿಂಗಳು ಹಳ್ಳ ದಾಟಿದ ಜೀಪಿನ ಕ್ರೌನ್ ಆಯಿಲ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿರುತ್ತಿತ್ತು. ಹಾಗೇ ಬಿಟ್ಟರೆ ಬೇರಿಂಗ್‌ಗೆ ತುಕ್ಕು ಹಿಡಿದು, ಕಾಫಿ ಕೊಯ್ಲಿನ ನಡುವೆ, ಮೂಟೆ ಹೇರಿದ ಹೊತ್ತಿನಲ್ಲೇ ಹಿಂದಿನಿಂದ ಗೊರಗೊರ ಸದ್ದು ಶುರುವಾಗುತ್ತದೆ.

ಅಪ್ಪ ಮೊದಲು ಜೀಪನ್ನು ಗೇಟಿನ ತನಕ, ಅಲ್ಲಿಂದ ರಸ್ತೆಗೆ ಓಡಿಸಿಕೊಂಡು ಬರುತ್ತಿದ್ದರು. ಬಿಸಿಯಾದ ಎಣ್ಣೆ ತೆಳ್ಳಗಾಗಿ ಕಸರನ್ನೆಲ್ಲ ಹೊತ್ತುಕೊಂಡು ಇಳಿಯುತ್ತದೆ. ಹಳೆಯ ಬಾಂಡ್ಲಿಯೊಂದನ್ನು ಕೆಳಗಿಟ್ಟು ಡ್ರೈನ್ ಪ್ಲಗ್ ಬಿಚ್ಚಿದರೆ ನೀರು ಬೆರೆತ ಎಣ್ಣೆ ಇಳಿಯುತ್ತಿತ್ತು. ಒಡೆದ ರೇಡಿಯೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಆ ಎಣ್ಣೆಯಲ್ಲಿ ಆಡಿಸಿ ಮೇಲೆತ್ತಿ, ಅಂಟಿಕೊಂಡ ಬೂದುಬಣ್ಣದ ಲೇಪವನ್ನು ನನ್ನ ಬೆರಳಿಗೆ ಹಚ್ಚುತ್ತಿದ್ದರು. “ಉಜ್ಜಿ ನೋಡು. ಚುಚ್ಚುತ್ತಾ?” ಚುಚ್ಚದೆ ನುಣ್ಣಗಿದ್ದರೆ ಅದು ದಿನದ ಸವೆತ, ಹೆದರಬೇಕಾಗಿಲ್ಲ. ಬೆರಳಿಗೆ ಕಚ್ಚುವ ಚೂರು ಸಿಕ್ಕಿತೆಂದರೆ ಯಾವುದೋ ಹಲ್ಲು ಮುರಿದಿದೆ, ಹೌಸಿಂಗ್ ಬಿಚ್ಚಲೇಬೇಕು. ಒಂದು ಯಂತ್ರದ ಆರೋಗ್ಯವನ್ನು ಬೆರಳ ತುದಿಯಲ್ಲಿ ಓದುವ ಈ ವಿದ್ಯೆಗೆ ಸ್ಕ್ಯಾನರ್ ಬೇಕಿರಲಿಲ್ಲ, ಇಂಗ್ಲಿಷೂ ಬೇಕಿರಲಿಲ್ಲ.

ಹೊಸ ಎಣ್ಣೆ ತುಂಬುವಾಗ ಅಳತೆಯ ಗೊಡವೆಯಿಲ್ಲ. ಗಾಡಿ ಸಮತಟ್ಟಾಗಿ ನಿಂತಿದ್ದರೆ, ಫಿಲ್ಲರ್ ತೂತಿನ ಅಂಚಿನವರೆಗೆ ತುಂಬಿ ಹೊರಗೆ ಜಿನುಗಿದಾಗ ಸಾಕು. ಆದರೆ ಯಾವ ಎಣ್ಣೆ ಎಲ್ಲಿಗೆ ಎಂಬ ಎಚ್ಚರವಿತ್ತು. ಕ್ರೌನ್-ಪಿನಿಯನ್ ಹಲ್ಲುಗಳು ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಜಾರುವುದರಿಂದ ಅಲ್ಲಿಗೆ ಗಂಧಕ-ರಂಜಕದ ಸಂಯುಕ್ತ ಸೇರಿಸಿದ ಜಿಎಲ್-5 ದರ್ಜೆಯ ಎಣ್ಣೆ. ಅದೇ ಎಣ್ಣೆಯನ್ನು ಹಿತ್ತಾಳೆಯ ಸಿಂಕ್ರೊನೈಸರ್ ಇರುವ ಗೇರ್‌ಬಾಕ್ಸಿಗೆ ಸುರಿದರೆ ಹಿತ್ತಾಳೆ ಸವೆಯುವ ಭಯ, ಅಲ್ಲಿಗೆ ಜಿಎಲ್-4. ಆ ಗಂಧಕದ ವಾಸನೆ ಸೀಮೆಎಣ್ಣೆಗೂ ಸೀಗೆಪುಡಿಗೂ ಬಗ್ಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಅಪ್ಪನ ಕೈಯಿಂದ ಬರುತ್ತಿದ್ದ ಅದು ನನಗೆ ಈಗಲೂ ಹಬ್ಬದ ವಾಸನೆಯೇ.

ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ. ಆ ಜೀಪಿನ ಕೈಪಿಡಿಯಲ್ಲಿ ಎಲ್ಲೆಲ್ಲಿ ಎಣ್ಣೆ, ಎಲ್ಲೆಲ್ಲಿ ಗ್ರೀಸ್ ಎಂದು ಗಾಡಿಯ ಚಿತ್ರವನ್ನೇ ಬಿಡಿಸಿ ತೋರಿಸಿದ್ದರು. ಕೊಂಡವನೇ ಇದನ್ನೆಲ್ಲ ಮಾಡಿಕೊಳ್ಳುತ್ತಾನೆಂಬ ನಂಬಿಕೆ ಆ ಚಿತ್ರದಲ್ಲಿತ್ತು. ಐಷಾರಾಮಿ ಗಾಡಿಗಳಲ್ಲಿ ಈ ನಂಬಿಕೆ ಮೆಲ್ಲಮೆಲ್ಲನೆ ಕರಗಿತು. 1997ರಿಂದ ಅಮೆರಿಕದ ಅಲಬಾಮಾದಲ್ಲಿ ತಯಾರಾದ ಮೊದಲ ತಲೆಮಾರಿನ ಮರ್ಸಿಡಿಸ್ ಎಂ-ಕ್ಲಾಸ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಎಣ್ಣೆ ಮಟ್ಟ ನೋಡುವ ಕೊಳವೆಯಿದೆ, ಒಳಗೆ ಕಡ್ಡಿಯಿಲ್ಲ. ಬಾಯಿಗೆ ಬೀಗದಂತಹ ಮುಚ್ಚಳ, ಕಡ್ಡಿ ವರ್ಕ್‌ಶಾಪಿನವರ ಕೈಯಲ್ಲಿ. ಆಮೇಲೆ ಬಂದ ಎಷ್ಟೋ ಗಾಡಿಗಳಲ್ಲಿ ಆ ಕೊಳವೆಯೂ ಹೋಯಿತು.

ನಮ್ಮಣ್ಣನ ಎಸ್‌ಯುವಿಯ ಗೇರ್ ಆಯಿಲ್ ಯಾವಾಗ ಬದಲಾಯಿಸಬೇಕೆಂದು ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ “ಅದು ಲೈಫ್‌ಟೈಮ್ ಆಯಿಲ್ ಸರ್, ಮುಟ್ಟೋದೇ ಬೇಡ” ಎಂಬ ಉತ್ತರ ಬಂತು. ಬಿಎಂಡಬ್ಲ್ಯು ಎಕ್ಸ್5, ರೇಂಜ್ ರೋವರ್‌ಗಳಂತಹ ಗಾಡಿಗಳಿಗೆ ಎಂಟು ಗೇರಿನ ಆಟೊಮ್ಯಾಟಿಕ್ ಪೆಟ್ಟಿಗೆ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿಯ ಸಲಹೆ ಬೇರೆಯೇ ಇದೆ. ಓಡಿಸುವ ರೀತಿಗೆ ತಕ್ಕಂತೆ 80,000ದಿಂದ 1,20,000 ಕಿಲೋಮೀಟರಿನೊಳಗೆ, ಇಲ್ಲವೇ 8 ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ ಎನ್ನುತ್ತದೆ ಅದು. ಪೆಟ್ಟಿಗೆ ಮಾಡಿದವರ ಮಾತನ್ನೇ ನಾನು ನಂಬುತ್ತೇನೆ. ಎಣ್ಣೆ ಎಣ್ಣೆಯೇ. ಕಾದರೆ ಕೆಡುತ್ತದೆ.

ಮಿಶಿಗನ್ನಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಇಂಥದ್ದೇ ಗಾಡಿಯನ್ನು ಮನೆಮುಂದೆ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ ತಾನೇ ಗೇರ್‌ಬಾಕ್ಸಿನ ಎಣ್ಣೆ ಬದಲಿಸುತ್ತಾನೆ. ಫಿಲ್ಟರ್ ಗೇರ್‌ಬಾಕ್ಸಿನ ಕೆಳಗಿನ ಪ್ಲಾಸ್ಟಿಕ್ ಪ್ಯಾನಿನೊಳಗೇ ಸೇರಿಕೊಂಡಿರುವುದರಿಂದ ಇಡೀ ಪ್ಯಾನನ್ನೇ ಬದಲಿಸಬೇಕು. ಎಂಜಿನ್ ಓಡುತ್ತಿರುವಾಗ, ಎಣ್ಣೆಯ ಬಿಸಿ 30ರಿಂದ 50 ಡಿಗ್ರಿಯೊಳಗಿರುವುದನ್ನು ಸ್ಕ್ಯಾನರಿನಲ್ಲಿ ನೋಡಿಕೊಂಡು, ಫಿಲ್ಲರ್ ತೂತಿನಿಂದ ಜಿನುಗುವವರೆಗೆ ತುಂಬಬೇಕು. ಅವನು ಫೋನಿನಲ್ಲಿ ಇದನ್ನು ವಿವರಿಸುವಾಗ ನನಗೆ ಅಪ್ಪನ ಲೆಕ್ಕವೇ ಕೇಳಿಸಿತು, ಥರ್ಮಾಮೀಟರೊಂದು ಹೆಚ್ಚಿಗೆ ಸೇರಿದೆ ಅಷ್ಟೆ. ಹಳೆಯ ಎಣ್ಣೆಯನ್ನು ಅಲ್ಲಿನ ಬಿಡಿಭಾಗದ ಅಂಗಡಿಯವರು ಕಾಸು ಕೇಳದೆ ಇಟ್ಟುಕೊಳ್ಳುತ್ತಾರಂತೆ. ಇಲ್ಲಿ ಬೆಂಗಳೂರಿನಲ್ಲಿ ನನ್ನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಜಾಕಿ ಹಚ್ಚುವುದಕ್ಕೂ ಅನುಮತಿಯಿಲ್ಲ.

ಕೊಂಡ ವಸ್ತುವನ್ನು ಕೊಂಡವರೇ ದುರಸ್ತಿ ಮಾಡಿಕೊಳ್ಳುವ ಹಕ್ಕಿಗಾಗಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ಪೋರ್ಟಲ್ ಒಂದನ್ನು ತೆರೆದಿದೆ, ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಒಳ್ಳೆಯದೇ. ಆದರೆ ಕೈಗೆ ಅಭ್ಯಾಸವೇ ತಪ್ಪಿದ ಮೇಲೆ ಹಕ್ಕು ಬಂದು ಏನು ಮಾಡೀತು? ಅಪ್ಪನಿಗೆ ಗೊತ್ತಿದ್ದುದರಲ್ಲಿ ಅರ್ಧ ನನಗೆ ಬಂದಿದೆ. ನನ್ನ ಮಗಳಿಗೆ ಅದರ ಅರ್ಧವೂ ದಾಟಿಲ್ಲ, ದಾಟಿಸಲು ಒಂದು ಡ್ರೈನ್ ಪ್ಲಗ್ಗೂ ನಮ್ಮ ಕೈಗೆಟುಕುವಲ್ಲಿ ಉಳಿದಿಲ್ಲ. ಈ ಸಂಕಟವನ್ನು ಯಾವ ಪೋರ್ಟಲ್‌ನಲ್ಲಿ ಬರೆದುಕೊಳ್ಳಲಿ?

ಷೆಡ್ಡಿನಲ್ಲಿ ಹಳೆಯ ಜೀಪನ್ನು ಇನ್ನೂ ಉಳಿಸಿಕೊಂಡವರಿಗೆ ಒಂದು ಕೋರಿಕೆ. ದಯವಿಟ್ಟು ಅದನ್ನು ಮಾರಬೇಡಿ. ಮುಂದಿನ ಸಲ ಕ್ರೌನ್ ಆಯಿಲ್ ಬದಲಿಸುವಾಗ ಮನೆಯ ಮಕ್ಕಳನ್ನೂ ಜೊತೆಗೆ ಕೆಳಗೆ ಮಲಗಿಸಿಕೊಳ್ಳಿ, ಅವರ ಕೈಗೂ ಪಾನಾ ಕೊಡಿ. ಡ್ರೈನ್ ಪ್ಲಗ್ ಮುಟ್ಟುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚುತ್ತದೆಯೇ ನೋಡಿಕೊಳ್ಳಬೇಕೆಂದು ಹೇಳಿಕೊಡಿ. ಎಣ್ಣೆಯೆಲ್ಲ ಖಾಲಿಯಾದ ಮೇಲೆ ಫಿಲ್ಲರ್ ಜಾಮ್ ಆಗಿದೆಯೆಂದು ಗೊತ್ತಾದರೆ ಗಾಡಿ ಅಲ್ಲಿಂದ ಕದಲುವುದಿಲ್ಲ.