ಕುಳ್ಳ ರಾಬ್, ಕಂಡಕ್ಟರ್ ಅಪ್ಪ

ಹೆಡಿಂಗ್ಲೆ ಅಂದ ಕೂಡಲೇ ನಮ್ಮಂಥವರಿಗೆ ನೆನಪಾಗೋದು 2002ರ ಟೆಸ್ಟ್. ದ್ರಾವಿಡ್ ಹೊಡೆದ 148, ಕುಂಬ್ಳೆ ಕಿತ್ತ ಏಳು ವಿಕೆಟ್. ಕಂಪನಿ ಕೆಲಸದ ಮೇಲೆ 2021ರಲ್ಲಿ ಲೀಡ್ಸ್‌ಗೆ ಹೋದಾಗ ನಾನು ಆ ಸ್ಟೇಡಿಯಂ ಹತ್ತಿರವೇ ಮನೆ ಹಿಡಿದೆ. ಬಾಡಿಗೆ ಸ್ವಲ್ಪ ಜಾಸ್ತಿಯೇ, ಆದ್ರೂ ಊರಲ್ಲಿ ಹೇಳ್ಕೊಳ್ಳೋಕೆ ಚೆನ್ನಾಗಿತ್ತು. ಆಮೇಲೆ ಗೊತ್ತಾಯ್ತು, ಅಲ್ಲಿರೋದು ಒಂದಲ್ಲ, ಎರಡು ಮೈದಾನ. ನಡುವಿನ ಸ್ಟ್ಯಾಂಡ್ ಒಂದು ಕಡೆ ಕ್ರಿಕೆಟ್‌ಗೆ ಮುಖ ಮಾಡಿದ್ರೆ, ಇನ್ನೊಂದು ಕಡೆ ರಗ್ಬಿ ಲೀಗ್‌ಗೆ. ನಮ್ಮ ಆಫೀಸಿನವರಿಗೆ ದ್ರಾವಿಡ್ ಹೆಸರು ಗೊತ್ತಿತ್ತು ಅಷ್ಟೇ. ಅವರ ಎದೆಯಲ್ಲಿ ಇದ್ದವನು ಬೇರೆ ಒಬ್ಬ. ಐದಡಿ ಐದಿಂಚಿನ ರಾಬ್ ಬರೋ.

ರಗ್ಬಿ ಲೀಗ್ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ತಂಡಕ್ಕೆ ಹದಿಮೂರು ಜನ. ಚೆಂಡು ಹಿಡಿದು ನುಗ್ಗಬೇಕು, ಎದುರಾಳಿಗಳು ಕಬಡ್ಡಿಯಲ್ಲಿ ರೈಡರ್‌ನ ಕೆಡವೋ ಹಾಗೆ ಕೆಡವ್ತಾರೆ. ಆರು ಸಲ ಕೆಡವಿಸಿಕೊಂಡರೆ ಚೆಂಡು ಅವರಿಗೆ ಬಿಟ್ಟುಕೊಡಬೇಕು. ಇದು ಹುಟ್ಟಿದ ಕಥೆ ಇನ್ನೂ ಚೆಂದ. ಉತ್ತರ ಇಂಗ್ಲೆಂಡಿನ ಗಣಿ, ಮಿಲ್ಲುಗಳ ಕೆಲಸಗಾರರು ಶನಿವಾರ ಆಟಕ್ಕೆ ಬಂದರೆ ಕೂಲಿ ಕಳ್ಕೊಳ್ತಿದ್ದರು. ಆ ಕೂಲಿ ತುಂಬಿಕೊಡಿ ಅಂತ ಉತ್ತರದ ಕ್ಲಬ್ಬುಗಳು ಕೇಳಿದವು, ಆಟ ನಡೆಸುತ್ತಿದ್ದ ದೊಡ್ಡ ಮನುಷ್ಯರು ಆಗಲ್ಲ ಅಂದರು. 1895ರಲ್ಲಿ ಹಡರ್ಸ್‌ಫೀಲ್ಡ್‌ನ ಒಂದು ಹೋಟೆಲಿನಲ್ಲಿ ಸೇರಿ ಕ್ಲಬ್ಬುಗಳು ಬೇರೆಯಾದವು. ಇದನ್ನ ವಿಡಿಯೊ ಕಾಲಲ್ಲಿ ಅಪ್ಪನಿಗೆ ಹೇಳಿದಾಗ ಅವರು ತಕ್ಷಣ ಒಪ್ಪಿದರು. "ಸರಿಯಾಗೇ ಮಾಡವ್ರೆ. ಡ್ಯೂಟಿ ಬಿಟ್ಟು ಆಡೋಕೆ ಹೋದ್ರೆ ಸಂಬಳ ಯಾರ್ ಕೊಡ್ತಾರೆ?"

ಅಪ್ಪ ಕೆಎಸ್ಆರ್‌ಟಿಸಿ ಕಂಡಕ್ಟರ್. ಹಾಸನ–ಸಕಲೇಶಪುರ ರೂಟಿನಲ್ಲೇ ಜಾಸ್ತಿ ವರ್ಷ. "ಯಾರ್ರೀ ಆಲೂರು, ಯಾರ್ರೀ ಬಾಳ್ಳುಪೇಟೆ" ಅಂತ ಕೂಗಿದರೆ ಹಿಂದಿನ ಸೀಟಲ್ಲಿ ನಿದ್ದೆ ಹೊಡೀತಿದ್ದವರೂ ಎದ್ದು ಚೀಲ ಹುಡುಕಬೇಕು, ಅಂಥ ದನಿ. ಮನೆಯಲ್ಲೂ ಅದೇ ವಾಲ್ಯೂಮ್.

2021ರ ಕೊನೆಯಲ್ಲಿ ಆ ದನಿ ತೊದಲೋಕೆ ಶುರುವಾಯ್ತು. ರಿಟೈರ್ ಆಗಿ ಎರಡು ವರ್ಷ ಆಗಿತ್ತಷ್ಟೇ. ಹಲ್ಲಿನ ಸಮಸ್ಯೆ ಇರಬಹುದು ಅಂದ್ಕೊಂಡರು. ಒಂದು ಮದುವೆ ಮನೆಯಲ್ಲಿ ಯಾರೋ ನೆಂಟರು ಅಮ್ಮನನ್ನ ಪಕ್ಕಕ್ಕೆ ಕರೆದು, "ಭಾವ ಕುಡಿಯೋಕೆ ಶುರು ಮಾಡಿದ್ರಾ?" ಅಂತ ಕೇಳಿದರಂತೆ. ಅಕ್ಕ ಬೆಂಗಳೂರಿಗೆ ಕರ್ಕೊಂಡು ಹೋಗಿ ತೋರಿಸಿದಳು. ಸ್ಕ್ಯಾನು, ಸ್ನಾಯುಗಳಿಗೆ ಸೂಜಿ ಚುಚ್ಚಿ ನೋಡೋ ಪರೀಕ್ಷೆ, ಎಲ್ಲ ಆಗಿ 2022ರ ಮಾರ್ಚ್‌ನಲ್ಲಿ ಹೆಸರು ಬಂತು: ಮೋಟಾರ್ ನ್ಯೂರಾನ್ ಡಿಸೀಸ್. ಸ್ಟೀಫನ್ ಹಾಕಿಂಗ್‌ಗೆ ಇದ್ದಿದ್ದು. ಸ್ನಾಯುಗಳಿಗೆ ಆಜ್ಞೆ ಕೊಡೋ ನರಕೋಶಗಳು ಒಂದೊಂದಾಗಿ ಸಾಯ್ತಾ ಬರ್ತವೆ. ಮಾತು, ಕೈಕಾಲು, ನುಂಗೋದು, ಕೊನೆಗೆ ಉಸಿರು. ತುಂಬಾ ಜನರಲ್ಲಿ ಬುದ್ಧಿ ಮಾತ್ರ ಹಾಗೇ ಇರುತ್ತೆ. ಅದು ಸಮಾಧಾನವೋ ಶಿಕ್ಷೆಯೋ ನೀವೇ ಹೇಳಿ.

ಲೀಡ್ಸ್‌ನಲ್ಲಿ ಆ ಕಾಯಿಲೆ ಹೆಸರನ್ನ ನಾನು ಯಾರಿಗೂ ಬಿಡಿಸಿ ಹೇಳಬೇಕಾಗಿ ಬರಲಿಲ್ಲ. ಟೀಮ್ ಲೀಡ್ ಹತ್ತಿರ ರಜೆ ಕೇಳೋವಾಗ ಒಂದು ಸಲ ಹೇಳಿದೆ. ಆತ ಮೊದಲು ಮಾತಾಡಲಿಲ್ಲ. ಆಮೇಲೆ "ರಾಬ್‌ಗೂ ಅದೇ" ಅಂದ. ಏನೋ ಮನೆಯವನ ಸುದ್ದಿ ಹೇಳೋ ಥರ.

ಆ ರಾತ್ರಿ ಕೂತು ರಾಬ್ ಬರೋ ಬಗ್ಗೆ ಸಿಕ್ಕಿದ್ದೆಲ್ಲ ನೋಡಿದೆ. 1982ರಲ್ಲಿ ಪಾಂಟಿಫ್ರಾಕ್ಟ್‌ನಲ್ಲಿ ಹುಟ್ಟಿ, ಕಲ್ಲಿದ್ದಲು ಗಣಿಗಳ ಸೀಮೆಯಲ್ಲಿ ಬೆಳೆದ ಹುಡುಗ. ಎಲ್ಲರೂ ಹೇಳಿದ್ದು ಒಂದೇ: ನೀನು ತುಂಬಾ ಕುಳ್ಳ. ನೂರು ಕೆಜಿಗೂ ಮೇಲಿನ ಆಳುಗಳು ಢಿಕ್ಕಿ ಹೊಡೆಯೋ ಆಟ ಅದು. ಆದ್ರೂ 2001ರಲ್ಲಿ ಲೀಡ್ಸ್ ರೈನೋಸ್‌ಗೆ ಆಡೋಕೆ ಶುರು ಮಾಡಿದವನು 2017ರವರೆಗೆ ಬೇರೆ ಕ್ಲಬ್ ಕಡೆ ತಿರುಗಿ ನೋಡಲಿಲ್ಲ. 492 ಪಂದ್ಯ. 2004ರಲ್ಲಿ ಲೀಡ್ಸ್ ಚಾಂಪಿಯನ್ ಆದಾಗ ಆ ಊರು ಅದಕ್ಕೆ 32 ವರ್ಷ ಕಾದಿತ್ತು. ಅಲ್ಲಿಂದ ರಾಬ್ ಕಾಲದಲ್ಲೇ ಎಂಟು ಸಲ.

ಎಲ್ಲಕ್ಕಿಂತ ಹೆಚ್ಚು ನೋಡಿದ್ದು 2011ರ ಗ್ರ್ಯಾಂಡ್ ಫೈನಲ್‌ನ ಒಂದು ಓಟ. ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್, ಎದುರಿಗೆ ಸೇಂಟ್ ಹೆಲೆನ್ಸ್. ಆ ವರ್ಷ ಲೀಡ್ಸ್ ಲೀಗ್ ಪಟ್ಟಿಯಲ್ಲಿ ಐದನೇ ಸ್ಥಾನದಲ್ಲಿದ್ದ ತಂಡ, ರಾಬ್ ಶುರುವಿಗೆ ಬೆಂಚಿನಲ್ಲಿ. ಒಳಗೆ ಬಂದವನು ಚೆಂಡು ಎತ್ತಿಕೊಂಡ. ಹಿಡಿಯೋಕೆ ಬಂದವನ ತೋಳಿನ ಕೆಳಗೆ ಬಗ್ಗಿ ನುಸುಳಿದ, ಕುಳ್ಳನಾಗಿದ್ದಕ್ಕೇ ಆಗಿದ್ದು ಅದು. ಮುಂದೆ ಒಬ್ಬನನ್ನ ಎಡಕ್ಕೋ ಬಲಕ್ಕೋ ಗೊತ್ತಾಗದ ಹಾಗೆ ನಿಲ್ಲಿಸಿ, ಅರ್ಧ ಮೈದಾನ ಓಡಿ ಹೋದ. ನಮ್ಮೂರ ಕಡೆ ತೋಟದಲ್ಲಿ ಮೊಲ ಅಟ್ಟಿದವರಿಗೆ ಆ ಓಟ ಅರ್ಥ ಆಗುತ್ತೆ. ಲೀಡ್ಸ್ 32–16ರಲ್ಲಿ ಗೆದ್ದಿತು, ಪಂದ್ಯಶ್ರೇಷ್ಠ ಪ್ರಶಸ್ತಿಗೆ ಎಲ್ಲ ಮತಗಳೂ ಅವನಿಗೇ ಬಿದ್ದವು. ನಾನು ಆ ಕ್ಲಿಪ್ ಅಪ್ಪನಿಗೆ ಕಳಿಸಿದೆ.

ಆಟ ಬಿಟ್ಟು ಎರಡು ವರ್ಷಕ್ಕೆ, ಹುಡುಗರಿಗೆ ಕೋಚಿಂಗ್ ಮಾಡ್ಕೊಂಡಿದ್ದಾಗ ಅವನ ಮಾತು ತೊದಲಿತು. 2019ರ ಡಿಸೆಂಬರ್‌ನಲ್ಲಿ ಕಾಯಿಲೆ ಖಚಿತ ಆಯ್ತು. ವಯಸ್ಸು 37, ಮೂರು ಚಿಕ್ಕ ಮಕ್ಕಳು. ರಗ್ಬಿ ಆಡಿದ್ದಕ್ಕೇ ಬಂತಾ ಅಂತ ಎಲ್ಲರೂ ಕೇಳ್ತಾರೆ. ಸ್ಕಾಟ್ಲೆಂಡ್‌ನ ಮಾಜಿ ಅಂತರರಾಷ್ಟ್ರೀಯ ಆಟಗಾರರ ಮೇಲೆ ನಡೆದ ಅಧ್ಯಯನವೊಂದು ಅವರಲ್ಲಿ ಈ ಕಾಯಿಲೆ ಹೆಚ್ಚು ಅಂತ 2022ರಲ್ಲಿ ಹೇಳಿತು, ನಿಜ. ಅದು ರಗ್ಬಿ ಯೂನಿಯನ್ ಆಡಿದವರ ಲೆಕ್ಕ. ಆದ್ರೆ ಯಾವ ಒಬ್ಬ ಮನುಷ್ಯನಿಗೂ ಇದೇ ಕಾರಣ ಅಂತ ಬೊಟ್ಟು ಮಾಡೋಕೆ ಆಗಲ್ಲ. ನಮ್ಮಪ್ಪ ಟಿಕೆಟ್ ಹರಿದಿದ್ದು ಬಿಟ್ಟರೆ ಬೇರೆ ಆಟ ಆಡಿದವರಲ್ಲ.

ಬಿಬಿಸಿಯ ಡಾಕ್ಯುಮೆಂಟರಿಯಲ್ಲಿ ರಾಬ್ ಕಂಪ್ಯೂಟರ್ ಮೂಲಕ ಮಾತಾಡೋದನ್ನ ನೋಡಿದೆ. ಕಣ್ಣಿನಿಂದ ಅಕ್ಷರ ಆರಿಸ್ತಾನೆ, ಯಂತ್ರ ಅದನ್ನ ಅವನದೇ ದನಿಯಲ್ಲಿ, ಅದೇ ಯಾರ್ಕ್‌ಷೈರ್ ರಾಗದಲ್ಲಿ ಓದುತ್ತೆ. ನಿಲ್ಲಿಸಿ ಅಕ್ಕನಿಗೆ ಫೋನ್ ಮಾಡಿದೆ. ಊರಲ್ಲಿ ಬೆಳಗಿನ ಜಾವ ನಾಲ್ಕು ಗಂಟೆ. "ಅಪ್ಪನ ದನಿ ಇರೋವಾಗ್ಲೇ ರೆಕಾರ್ಡ್ ಮಾಡ್ಕೋ, ಇವತ್ತೇ" ಅಂದೆ.

ಕನ್ನಡದಲ್ಲಿ ಹಾಗೆ ದನಿ ಕಟ್ಟಿಕೊಡೋ ವ್ಯವಸ್ಥೆ ನಮ್ಮ ಕೈಗೆ ಸಿಗಲಿಲ್ಲ. ಹಾಗಾಗಿ ನೇರ ವಾಟ್ಸಾಪ್. "ನೀರು." "ಫ್ಯಾನ್ ಕಡಿಮೆ ಮಾಡ್ರೋ." "ಏ ಪುಟ್ಟೀ." "ಸಾಕು ಕಣೇ, ಹೊಟ್ಟೆ ತುಂಬ್ತು." ಒಟ್ಟು 63 ತುಣುಕು. ಎಲ್ಲ ಮುಗಿದ ಮೇಲೆ ಅಪ್ಪ ತಾವಾಗೇ ಸೇರಿಸಿದ್ದು ಹಾಸನದಿಂದ ಸಕಲೇಶಪುರದವರೆಗಿನ ಸ್ಟಾಪುಗಳು, ಕೊನೆಗೊಂದು "ರೈಟ್ ರೈಟ್". ಮಾತು ಪೂರ್ತಿ ಹೋದ ಮೇಲೆ, ಬೆರಳು ಆಡುವವರೆಗೂ ಅವನ್ನ ಒತ್ತಿ ಒತ್ತಿ ಮಾತಾಡಿದರು. ಯಾರಾದರೂ ನೆಂಟರು ಬಂದು ತುಂಬಾ ಹೊತ್ತು ಕೂತರೆ "ರೈಟ್ ರೈಟ್" ಒತ್ತೋರು.

2023ರ ಮೇ 14ರಂದು ರಾಬ್ ಹೆಸರಿನ ಮೊದಲ ಲೀಡ್ಸ್ ಮ್ಯಾರಥಾನ್. ನಾನು ಓಟ್ಲಿ ರಸ್ತೆಯ ಪಕ್ಕ ನಿಂತಿದ್ದೆ. ಹಳೇ ಕ್ಯಾಪ್ಟನ್ ಕೆವಿನ್ ಸಿನ್‌ಫೀಲ್ಡ್ ರಾಬ್‌ನ ಗಾಲಿಕುರ್ಚಿ ತಳ್ಕೊಂಡು ಓಡಿ ಬಂದ. ಇವನೇ 2020ರಲ್ಲಿ ಗೆಳೆಯನಿಗಾಗಿ ಏಳು ದಿನ ಏಳು ಮ್ಯಾರಥಾನ್ ಓಡಿದವನು. ರಾಬ್‌ನ ಜೆರ್ಸಿ ನಂಬರ್ ಏಳು ಅಂತ 77,777 ಪೌಂಡ್ ಗುರಿ ಇಟ್ಟಿದ್ದ, ಜನ ಕೊಟ್ಟಿದ್ದು 20 ಲಕ್ಷ ಪೌಂಡಿಗೂ ಮೇಲೆ. ಈ ಸಲ 42 ಕಿಲೋಮೀಟರ್ ತಳ್ಳಿ, ಹೆಡಿಂಗ್ಲೆಯ ಕೊನೆ ಗೆರೆ ಹತ್ತಿರ ನಿಂತು, ರಾಬ್‌ನನ್ನ ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಗೆರೆ ದಾಟಿಸಿ ಕೆನ್ನೆಗೆ ಮುತ್ತು ಕೊಟ್ಟ. ಆ ವಿಡಿಯೊನೂ ಹಾಸನಕ್ಕೆ ಹೋಯ್ತು.

ಅಷ್ಟೊತ್ತಿಗೆ ಅಪ್ಪನ ಬೆರಳುಗಳೂ ನಿಂತಿದ್ದವು. ಅಮ್ಮ ಒಂದು ಅಕ್ಷರ ಹಲಗೆ ಮಾಡಿದ್ದಳು. ಹಳೇ ಕ್ಯಾಲೆಂಡರ್ ಹಿಂಭಾಗದಲ್ಲಿ ಸಾಲು ಸಾಲಾಗಿ ವರ್ಣಮಾಲೆ. "ಅ ಸಾಲಾ, ಕ ಸಾಲಾ, ಚ ಸಾಲಾ" ಅಂತ ಅವಳು ಬೆರಳಿಡುತ್ತಾ ಹೋಗಬೇಕು, ಸರಿ ಇದ್ದಲ್ಲಿ ಅಪ್ಪ ಕಣ್ಣು ಮುಚ್ಚಬೇಕು. ಆಮೇಲೆ ಅಕ್ಷರ, ಆಮೇಲೆ ಕಾಗುಣಿತ. ಟೈಮ್ ಉಳಿಸೋಕೆ ಒತ್ತಕ್ಷರ ಬಿಟ್ಟರು. ಮಹಾಪ್ರಾಣ ಬಿಟ್ಟಿದ್ದು ಯಾರಿಗೂ ಗೊತ್ತಾಗಲೇ ಇಲ್ಲ, ನಮ್ಮ ಕಡೆ ಬಾಯಲ್ಲಿ ಅದು ಇದ್ದಿದ್ದಾದರೂ ಯಾವಾಗ? ಮ್ಯಾರಥಾನ್ ನೋಡಿ ಅಪ್ಪ ಹತ್ತು ನಿಮಿಷ ತಗೊಂಡು ಬರೆಸಿದ್ದು: "ಎತಿದವನಿಗೆ ಸೊಂಟ ನೋವು ಬರಲವಾ." ಅಮ್ಮ ಆ ಹೊತ್ತಿಗೆ ದಿನಾ ನಾಲ್ಕು ಸಲ ಅಪ್ಪನನ್ನ ಮಂಚದಿಂದ ಕುರ್ಚಿಗೆ ಎತ್ತಿ ಕೂರಿಸ್ತಿದ್ದಳು. ಓದಿ ಹಲಗೆ ಕೆಳಗಿಟ್ಟು ಅಡುಗೆಮನೆಗೆ ಹೋದಳಂತೆ.

ಆ ವರ್ಷದ ಕೊನೆಗೆ ನಾನು ಲೀಡ್ಸ್ ಬಿಟ್ಟು ಬಂದೆ. ಹಾಸನದಿಂದಲೇ ಕೆಲಸ ಮಾಡ್ತೀನಿ ಅಂತ ಕೇಳಿದೆ, ಕಂಪನಿ ಒಪ್ಪಿತು. ಅಪ್ಪ ಹೋಗಿದ್ದು 2025ರ ಜನವರಿಯಲ್ಲಿ.

ಅವರಿಗಿಂತ ಮೊದಲು ರಾಬ್ ಹೋದ. 2024ರ ಜೂನ್ 2, ಭಾನುವಾರ. ಲೀಡ್ಸ್‌ನಲ್ಲಿ ಅವನ ಹೆಸರಿನಲ್ಲಿ ಈ ಕಾಯಿಲೆಯವರಿಗಾಗಿ ಕಟ್ಟಬೇಕಿದ್ದ ಕೇಂದ್ರದ ಭೂಮಿಪೂಜೆ ಮಾರನೇ ದಿನವೇ ಇತ್ತು. ಮನೆಯವರು ಅದನ್ನ ಮುಂದಕ್ಕೆ ಹಾಕೋಕೆ ಬಿಡಲಿಲ್ಲ.

ಅಪ್ಪನಿಗೆ ಹೇಳೋದಾ ಬೇಡವಾ ಅಂತ ಮನೇಲಿ ಚರ್ಚೆ ಆಯ್ತು. ಅಕ್ಕ ಬೇಡ ಅಂದಳು. "ಅವರಿಗೆ ಕಾಲು ಆಡಲ್ಲ ಅಷ್ಟೇ, ತಲೆ ಆಡುತ್ತೆ. ಹೇಳು" ಅಂತ ಅಮ್ಮ ತೀರ್ಮಾನ ಮಾಡಿದಳು. ಹೇಳಿದೆ. ಹಲಗೆ ಹಿಡಿದೆ. "ವಯಸು" ಅಂತ ಕೇಳಿದರು. ನಲವತ್ತೊಂದು ಅಂದೆ. "ಮಕಳು." ಮೂರು ಜನ ಅಂದೆ. ಆಮೇಲೆ ನಾನು ಎಷ್ಟು ಸಾಲು ತೋರಿಸಿದರೂ ಕಣ್ಣು ಮುಚ್ಚಲಿಲ್ಲ.

ಮಾರನೇ ಬೆಳಗ್ಗೆ ಗಂಜಿ ಕೊಡುವ ಮೊದಲು ಅವರೇ ಹಲಗೆ ಕಡೆ ನೋಡಿದರು. ಅಮ್ಮ ಹಿಡಿದಳು. ಎರಡೇ ಪದ. "ಓಟ ಹಾಕು." ನಾನು ಲ್ಯಾಪ್‌ಟಾಪ್ ತಂದು ಅವರ ಎದುರಿಗಿಟ್ಟು 2011ರ ವಿಡಿಯೊ ಹಾಕಿದೆ. ಆ ದಿನ ಮೂರು ಸಲ ನೋಡಿದರು.